ಪ್ಯಾನಲಿನ ಒಳಗಿನ ಹೆಸರು

ಮಾವನ ಕಾನೂನು ಒಂದೇ. ಇಡೀ ಮನೆಗೆ ತಂಪು ಕೊಡುವ ದೊಡ್ಡ ಏಸಿಯನ್ನು ಯಾರು ಮೊದಲ ಸಲ ಚಾಲೂ ಮಾಡುತ್ತಾರೋ ಅವರು ಹೊರಗಿನ ಯಂತ್ರದ ಪ್ಯಾನಲ್ ಮುಚ್ಚುವ ಮುನ್ನ ಅದರ ಒಳಬದಿಗೆ ಮಾರ್ಕರಿನಲ್ಲಿ ತಮ್ಮ ಹೆಸರು ಬರೆಯಬೇಕು. ಮುಂದೆ ಕೆಟ್ಟರೆ ಹೆಸರಿದ್ದವರೇ ಹೋಗಬೇಕು, ಭಾನುವಾರವಾದರೂ ಸರಿ. ಇಪ್ಪತ್ತಾರು ವರ್ಷದಿಂದ ಎಲ್ಲ ಪ್ಯಾನಲುಗಳಲ್ಲೂ ಮಾವನ ಹೆಸರೇ. ಎಂಟು ವರ್ಷ ಅವನ ಜೊತೆ ತಾಮ್ರದ ಪೈಪು ಹೊತ್ತ ಅಕ್ಕನ ಮಗಳ ಹೆಸರು ಒಂದರಲ್ಲೂ ಇಲ್ಲ.

ಅವಳನ್ನು ಅವನು ಕರೆಯುವುದು ಗೇಜು ಎಂದು. ಗ್ಯಾಸಿನ ಒತ್ತಡ ಅಳೆಯುವ ಗೇಜಿನ ಮುಳ್ಳನ್ನು ಕಣ್ಣಾರೆ ನೋಡದೆ ಅವಳು ಯಾವುದನ್ನೂ ಒಪ್ಪುವವಳಲ್ಲ. ಮಾವನದು ಬೇರೆ ದಾರಿ. ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಊರಿ, ಹಿಡಿಗೆ ಕಿವಿ ಕೊಟ್ಟು, ಡಾಕ್ಟರಂತೆ ಕಾಯಿಲೆ ಹೇಳುತ್ತಾನೆ. ಗೇಜು ಎಂಬ ಹೆಸರು ಅವನು ಹೀಯಾಳಿಸಲಿಕ್ಕೇ ಇಟ್ಟದ್ದು.

ಈಗ ಕೈಯಲ್ಲಿರುವ ಏಳು ಕೋಣೆಯ ಮನೆಯ ಕೆಲಸ ಒಪ್ಪಿಕೊಂಡ ದಿನವೇ ಅವಳು ನೇರ ಕೇಳಿದ್ದಳು.

"ಮಾವ, ಇದನ್ನ ಚಾಲೂ ಮಾಡೋದು ನಾನು."

"ಏಳು ಕೋಣೆಗೂ ಗಾಳಿ ಬಂದ್ರೆ ಹೆಸರು ಬರ್ಕೋ. ಒಂದು ತಪ್ಪಿದ್ರೂ ನನ್ನ ಹೆಸರೇ. ಆಮೇಲೆ ಎರಡು ವರ್ಷ ಬಾಯಿ ಬಿಡಬಾರದು."

"ಆಯ್ತು."

ಪೈಪಿನ ಬೆಸುಗೆಯನ್ನೆಲ್ಲ ಅವಳೇ ಹಾಕಿದಳು. ಸೋರುತ್ತದೆಯೇ ನೋಡಲು ನೈಟ್ರೋಜನ್ ತುಂಬಿ ಒಂದು ದಿನ ಬಿಟ್ಟಳು, ಮುಳ್ಳು ಅಲ್ಲಾಡಲಿಲ್ಲ. ಪಂಪ್ ಹಚ್ಚಿ ಪೈಪಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಮತ್ತೆ ಒಂದು ಗಂಟೆ ಮುಳ್ಳಿನ ಎದುರು ಕುಕ್ಕರುಗಾಲಲ್ಲಿ ಕೂತಳು. ಕಂಪ್ರೆಸರಿನ ಎಣ್ಣೆ ಬೆಚ್ಚಗಾಗಲಿ ಎಂದು ಹಿಂದಿನ ದಿನವೇ ಕರೆಂಟು ಕೊಟ್ಟಿಟ್ಟಿದ್ದಳು. ಬೆಳಿಗ್ಗೆ ಹನ್ನೊಂದಕ್ಕೆ ಗೋಡೆಯ ಗುಂಡಿ ಒತ್ತಿದಾಗ ಹೊರಗಿನ ಫ್ಯಾನು ತಿರುಗಿತು, ದಪ್ಪ ಪೈಪು ತಣ್ಣಗಾಗಿ ಬೆವರಿತು. ಅವಳು ಮನಸ್ಸಿನಲ್ಲೇ ಪ್ಯಾನಲಿನ ಮೇಲೆ ಜಾಗ ಹುಡುಕಿಯೂ ಆಯಿತು.

ಮನೆಯ ಒಡತಿ ಶಾಲೆಯೊಂದರ ಹೆಡ್‌ಮೇಡಂ. ಉತ್ತರಪತ್ರಿಕೆ ತಿದ್ದುವವಳಂತೆ ಕೋಣೆಯಿಂದ ಕೋಣೆಗೆ ಹೋಗಿ ತಂಪು ಗಾಳಿ ಬರುವ ಪ್ರತಿ ಜಾಲರಿಯ ಕೆಳಗೂ ಕೈ ಚಾಚಿದಳು. ಆರರಲ್ಲಿ ತಲೆಯಾಡಿಸಿದಳು. ಏಳನೆಯದು ಅವಳ ಅತ್ತೆಯ ಕೋಣೆ.

"ಏನಮ್ಮಾ ಹುಡುಗಿ," ಅಜ್ಜಿ ಹಾಸಿಗೆಯಿಂದಲೇ ಕೂಗಿದಳು, "ನನಗೆ ಮಾತ್ರ ಬೇಸಿಗೆ ಮುಗಿದಿಲ್ವಾ?"

ಗೇಜು ತೆಳು ಕಾಗದದ ಚೂರೊಂದನ್ನು ಜಾಲರಿಗೆ ಹಿಡಿದಳು. ಅದು ಸೋಮಾರಿಯಂತೆ ತೂಗಿತು, ಅಷ್ಟೇ.

ಮಾವ ಅಷ್ಟರಲ್ಲಿ ಹೊರಗೆ ಸ್ಕ್ರೂಡ್ರೈವರಿಗೆ ಕಿವಿಯಿಟ್ಟಾಗಿತ್ತು. "ಸದ್ದು ಕೇಳು. ಹಸಿದಂಗಿದೆ. ಗ್ಯಾಸ್ ಕಮ್ಮಿ, ಇನ್ನೊಂದಿಷ್ಟು ಹಾಕು."

"ಹಸಿದಿರೋದು ನೀನು, ಮಾವ. ಊಟದ ಹೊತ್ತಾಯ್ತು. ಗ್ಯಾಸ್ ತೂಕ ಮಾಡಿ ಹಾಕಿದೀನಿ, ಮುಳ್ಳೂ ಸರಿಯಾಗಿದೆ."

"ಹಿರಿಯರು ಹೇಳಿದ ಹಾಗೆ ಮಾಡಮ್ಮಾ," ಎಂದಳು ಹೆಡ್‌ಮೇಡಂ.

"ಆರು ಕೋಣೆ ತಣ್ಣಗಿದೆ ಮೇಡಂ. ಯಂತ್ರಕ್ಕೆ ರೋಗ ಇದ್ದಿದ್ರೆ ಏಳಕ್ಕೂ ಬರ್ತಿತ್ತು. ಇದು ದಾರಿ ಕಟ್ಟಿರೋದು. ಏಣಿ ಕೊಡಿ."

ಮಾವ ಮಾರ್ಕರನ್ನು ತನ್ನ ಜೇಬಿಗೆ ಸಿಕ್ಕಿಸಿಕೊಂಡ, ಅವಳಿಗೆ ಕಾಣುವಂತೆ.

ಅಟ್ಟದಲ್ಲಿ ಬೆನ್ನು ಬಗ್ಗಿಸಿಯೇ ನಡೆಯಬೇಕು. ನಡುವೆ ಗಾಳಿಯ ಪೆಟ್ಟಿಗೆ, ಅದರಿಂದ ಹೊರಟ ಏಳು ಬೆಳ್ಳಿಬಣ್ಣದ ಕೊಳವೆಗಳು. ಅವಳು ಒಂದೊಂದನ್ನೂ ಒತ್ತಿ ನೋಡಿದಳು. ಆರು ಗಾಳಿ ತುಂಬಿ ಬಿಗಿಯಾಗಿದ್ದವು. ಅಜ್ಜಿಯ ಕೋಣೆಯದು ಪೆಟ್ಟಿಗೆಯ ಬುಡದಿಂದಲೇ ಜೋತುಬಿದ್ದಿತ್ತು.

ಗೋಡೆ ಉಜ್ಜುವವರ ಧೂಳು ಒಳಗೆ ಹೋಗದಂತೆ ಪ್ರತಿ ಕೊಳವೆಯ ಎರಡೂ ಬಾಯಿಗೆ ಹಳೇ ಬಟ್ಟೆ ತುರುಕುವುದು ಮಾವನ ಪದ್ಧತಿ. ಚೀಲದಿಂದ ಒಂದು ಬಟ್ಟೆ ತೆಗೆದರೆ ಚೀಲದ ದಾರಕ್ಕೆ ಒಂದು ಗಂಟು. ಈ ಸಲ ಹದಿಮೂರು ಗಂಟು ಇದ್ದವು, ಹದಿಮೂರು ಬಟ್ಟೆ ವಾಪಸ್ ಬಂದಿದ್ದವು. ಲೆಕ್ಕ ತಾಳೆಯಾಯಿತೆಂದು ಇಬ್ಬರೂ ಕೈ ತೊಳೆದುಕೊಂಡಿದ್ದರು.

ಕೆಳಗೆ ಕೂಗಿ ಯಂತ್ರ ನಿಲ್ಲಿಸಲು ಹೇಳಿದಳು. ಪಟ್ಟಿ ಸಡಿಲಿಸಿ ಕೊಳವೆಯೊಳಗೆ ಮೊಣಕೈವರೆಗೆ ಕೈ ಹಾಕಿದಳು. ಬೆರಳಿಗೆ ಬಟ್ಟೆ ಸಿಕ್ಕಿತು. ಎಳೆದಳು. ದಪ್ಪನೆಯ ಹಸಿರು ಟವಲ್.

ಯಾರದ್ದೆಂದು ನೋಡಲು ಅವಳು ದೀಪ ಹಿಡಿಯಬೇಕಾಗಲಿಲ್ಲ. ಮೂರು ವಾರದಿಂದ ಮಾವ ತನ್ನ ಆ ಟವಲಿಗಾಗಿ ಹೆಂಡತಿಯ, ಅಂದರೆ ಗೇಜುವಿನ ಅತ್ತೆಯ, ಮೇಲೆ ಗೂಬೆ ಕೂರಿಸುತ್ತಿದ್ದ, "ಒಗೆಯೋಕೆ ಹಾಕಿ ಎಲ್ಲೋ ಕಳೆದಳು" ಎಂದು.

ಕೊಳವೆ ಮತ್ತೆ ಬಿಗಿದು, ಟವಲನ್ನು ಕೊರಳಿಗೆ ಸುತ್ತಿಕೊಂಡೇ ಏಣಿ ಇಳಿದಳು. ಮಾವ ನೋಡಿದ. ಕತ್ತು ತುರಿಸಿಕೊಂಡ.

"ಆವತ್ತು ಚೀಲದಲ್ಲಿ ಬಟ್ಟೆ ಮುಗಿದಿತ್ತು ಕಣೇ. ಹೆಗಲ ಮೇಲಿತ್ತು, ತುರುಕಿಬಿಟ್ಟೆ."

"ಚೀಲದ್ದಲ್ಲ ಅಂತ ಗಂಟೂ ಹಾಕಲಿಲ್ಲ ನೀನು," ಎಂದಳು ಗೇಜು.

"ಏಳೆರಡಲಿ ಹದಿನಾಲ್ಕು," ಎಂದಳು ಹೆಡ್‌ಮೇಡಂ, ಯಾರ ಮುಖವನ್ನೂ ನೋಡದೆ.

ಗೇಜುವಿನ ಕಿವಿ ಬಿಸಿಯಾಯಿತು. ಇಷ್ಟೆಲ್ಲ ಅಳೆದವಳಿಗೆ ಎರಡನೇ ಕ್ಲಾಸಿನ ಮಗ್ಗಿ ಹೊಳೆದಿರಲಿಲ್ಲ. ಇನ್ನು ಮೇಲೆ ಬಟ್ಟೆಯನ್ನಲ್ಲ, ಬಾಯಿಗಳನ್ನು ಎಣಿಸಬೇಕು. ಅದನ್ನು ಅಲ್ಲೇ ತೀರ್ಮಾನಿಸಿ, ಯಂತ್ರ ಮತ್ತೆ ಚಾಲೂ ಮಾಡಿದಳು.

ಅಜ್ಜಿಯ ಕೋಣೆಯಲ್ಲಿ ಕಾಗದದ ಚೂರು ಅವಳ ಕೈಯಿಂದ ಹಾರಿ ಹಾಸಿಗೆಗೆ ಬಿತ್ತು.

"ಅಯ್ಯೋ, ಸಾಕು ಸಾಕು, ಕಿಟಕಿ ತೆಗೀರೋ!" ಎಂದಳು ಅಜ್ಜಿ.

ಹೊರಗೆ ಮಾವ ಪ್ಯಾನಲ್ ಹಿಡಿದು ನಿಂತಿದ್ದ. ಕೊನೆಯ ಪ್ರಯತ್ನ ಮಾಡಿದ. "ಒಂದು ಕೋಣೆ ತಪ್ಪಿತ್ತಲ್ಲಾ..."

"ತಪ್ಪಿದ್ದು ನಿನ್ನ ಟವಲ್. ನಾನು ಹಾಕಿದ ಗ್ಯಾಸಲ್ಲ, ಬೆಸುಗೆ ಅಲ್ಲ. ಏಳು ಕೋಣೆಗೂ ಗಾಳಿ ಬರ್ತಿದೆ, ಹೋಗಿ ನೋಡು. ಅತ್ತೆಗೂ ನಾನೇ ಹೇಳ್ತೀನಿ ಟವಲ್ ಎಲ್ಲಿತ್ತು ಅಂತ. ನೀನು ಹೇಳಿದ್ರೆ ನಂಬಲ್ಲ."

ಅವನು ಅವಳ ಕೊರಳಿನಿಂದ ಟವಲ್ ಎಳೆದುಕೊಂಡ. ಅದರಿಂದಲೇ ಪ್ಯಾನಲಿನ ಒಳಬದಿ ಒರೆಸಿದ, ಮಾರ್ಕರ್ ಕೊಟ್ಟ. ಅವಳು ತಾರೀಕು ಹಾಕಿ, ಅದರ ಕೆಳಗೆ ದಪ್ಪಗೆ ಬರೆದಳು: ಗೇಜು.

"ಏ, ನಿಜವಾದ ಹೆಸರು ಬರಿಯೇ."

"ಇಟ್ಟವನು ನೀನೇ ತಾನೆ? ಇದೇ ಇರ್ಲಿ."

"ಕೆಟ್ರೆ ನಾನು ಬರಲ್ಲ, ಹೇಳಿರ್ತೀನಿ."

"ಕೆಡಲ್ಲ. ಸ್ಕ್ರೂ ಹಿಡಿ."

ಮಾವ ಅಂಗೈ ಚಾಚಿದ. ಅವಳು ಆರು ಸ್ಕ್ರೂ ಎಣಿಸಿ ಅದರಲ್ಲಿಟ್ಟಳು, ಪ್ಯಾನಲಿನ ತೂತುಗಳನ್ನೂ ಎಣಿಸಿದಳು.