ಹುಣಸೆಹುಳಿಯಲ್ಲಿ ತೊಳೆದ ಚಿಪ್ಪು

ಹರದನಹಳ್ಳಿಯ ಮನೆಯ ಹಿತ್ತಲಲ್ಲಿ ಮುದ್ದಮ್ಮ ಹಿತ್ತಾಳೆ ತಟ್ಟೆಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಮಧ್ಯಾಹ್ನ ಹೊಳೆನರಸೀಪುರದಲ್ಲಿ ಮಗಳಿಗೆ ಸನ್ಮಾನ. ಶಾಲು, ಹಾರ, ಹಣ್ಣು ಇಡುವ ತಟ್ಟೆ ಕಪ್ಪಗಿದ್ದರೆ ನೆಂಟರ ಮುಂದೆ ಮಾನ ಉಳಿಯುವುದಿಲ್ಲ ಎನ್ನುವುದು ಅವಳ ಲೆಕ್ಕ. ಮಗಳು ಸಂಘಮಿತ್ರಾ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತ, ವೇದಿಕೆಯಲ್ಲಿ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು.

ಮುದ್ದಮ್ಮ ತಟ್ಟೆಯನ್ನು ಬಿಸಿಲಿಗೆ ಹಿಡಿದಳು. “ಎಂಗ್ ಒಳೀತದೆ ನೋಡು. ನಿನ್ ಚಿಪ್ಪುಗಳ್ನೂ ಇಂಗೇ ತೊಳ್ದಿದ್ದೆ ಕಣವ್ವ. ನೀನು ಚೆಂದ ಆಯ್ತು ಅಂತ ಒಂದ್ ಮಾತೂ ಆಡ್ಲಿಲ್ಲ.”

ಲೋಟ ತುಟಿಯ ಹತ್ತಿರ ಹೋಗಿದ್ದು ಅಲ್ಲೇ ನಿಂತಿತು. “ಯಾವ್ ಚಿಪ್ಪವ್ವ?”

“ಅದೇ, ನಿಂಗೆ ಜ್ವರ ಬಂದು ಮಲಗಿದ್ದಾಗ ನಿನ್ ಮನೆಗೆ ನಾನ್ ಬಂದಿದ್ನಲ್ಲ. ಹಿಂದ್ಗಡೆ ಬುಟ್ಟೀಲಿ ಮಡಗಿದ್ಯಲ್ಲ. ಅದೇನ್ ನಾತ ಅಂತೀಯ. ಹುಣಸೆಹಣ್ಣು ಕಿವುಚಿ ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ತಿಕ್ಕಿ ಒಣಗಾಕ್ದೆ. ಬೆಳ್ಳಗಾದ್ವು.”

ಸಂಘಮಿತ್ರಾಳಿಗೆ ಕಾಫಿ ಸೀರೆಯ ಮೇಲೆ ಚೆಲ್ಲಿದ್ದೂ ಗೊತ್ತಾಗಲಿಲ್ಲ.

ಸಮುದ್ರದ ಗಾಳಿಯೇ ಸೋಕದ ಸೀಮೆಯಲ್ಲಿ ಹುಟ್ಟಿದ ಹುಡುಗಿ ಸಮುದ್ರ ಓದುತ್ತೇನೆಂದು ಹೊರಟಾಗ ನಕ್ಕವರು ಬೇಕಾದಷ್ಟು ಜನ. ಹೇಮಾವತಿಯಲ್ಲಿ ನೀರಿಲ್ಲವೇ ಎಂದು ಕೇಳಿದವರೂ ಇದ್ದರು. ಅವಳು ಯಾರಿಗೂ ಜವಾಬು ಕೊಡಲು ಹೋಗಲಿಲ್ಲ. ಉತ್ತರ ಕನ್ನಡದ ಒಂದು ಅಳಿವೆಯಲ್ಲಿ, ನದಿ ಕಡಲು ಸೇರುವ ಆ ಕೆಸರಿನಲ್ಲಿ, ಮೊಣಕಾಲುದ್ದ ಹೂತುಕೊಂಡು ವರ್ಷವರ್ಷವೂ ಚಿಪ್ಪು ಆರಿಸಿದಳು. ನಾವು ಬಿಡುವ ಹೊಗೆ ಗಾಳಿಗೆ ಸೇರಿ, ಗಾಳಿಯಿಂದ ಕಡಲಿಗಿಳಿದು, ನೀರು ನಿಧಾನವಾಗಿ ಹುಳಿಯತ್ತ ವಾಲುತ್ತದೆ. ಹಾಗಾದಾಗ ಚಿಪ್ಪಿನೊಳಗಿನ ಜೀವಿಗೆ ತನ್ನ ಮನೆ ಕಟ್ಟಿಕೊಳ್ಳುವುದು ಕಷ್ಟ. ಅದು ಎಷ್ಟು ಕಷ್ಟ ಎಂದು ಅಳೆಯುವುದೇ ಅವಳ ಕೆಲಸ. ವರ್ಷ ವರ್ಷಕ್ಕೂ ಕಂಡದ್ದು ಬರೀ ಕೂದಲೆಳೆಯಷ್ಟು ವ್ಯತ್ಯಾಸ. ಅದನ್ನು ಕೇಳಿ ಗಾಬರಿಯಾಗುವ ಪುಣ್ಯಾತ್ಮರು ಯಾರೂ ಸಿಗಲಿಲ್ಲ.

ಈ ವರ್ಷ ಕಚೇರಿಯ ಉಗ್ರಾಣ ಸೋರಿತೆಂದು ಆ ಸಲದ ಚಿಪ್ಪನ್ನೆಲ್ಲ ಮನೆಗೆ ತಂದಿಟ್ಟಿದ್ದಳು. ಜ್ವರ ಬಿಟ್ಟ ಮೇಲೆ ತೆಗೆದು ನೋಡಿದರೆ ಮೈಯೆಲ್ಲ ಸುಣ್ಣದ ಹಾಗೆ ಉದುರುತ್ತಿತ್ತು, ಅಂಚು ಬೆರಳಿಗೆ ಮುರಿಯುತ್ತಿತ್ತು. ಅವತ್ತೂ ಅವಳು ದಂಗಾಗಿದ್ದಳು. ನೀರಿನ ಪರೀಕ್ಷೆ ಅಷ್ಟೊಂದು ಹುಳಿ ತೋರಿಸಿರಲಿಲ್ಲ. ಮಳೆನೀರು ಬೆರೆತಿರಬೇಕೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬೇಕಾದದ್ದು ಕಣ್ಣಿಗೆ ಬಿದ್ದಾಗ ಎಂಥ ಜಾಣರೂ ಹೀಗೇ ಸಮಾಧಾನ ಹೇಳಿಕೊಳ್ಳುತ್ತಾರೆ. ಪ್ರಬಂಧ ಅಚ್ಚಾಯಿತು. ಪತ್ರಿಕೆಗಳಲ್ಲಿ ಫೋಟೋ ಬಂತು, ಅದಕ್ಕೇ ಈ ಸನ್ಮಾನ. ಸೋಮವಾರ ನಡೆಯುವ ಸರ್ಕಾರದ ಸಭೆಯಲ್ಲಿ ಆ ಅಳಿವೆಯಲ್ಲಿ ಚಿಪ್ಪು ಆರಿಸುವುದನ್ನೇ ನಿಲ್ಲಿಸುವ ತೀರ್ಮಾನವಾಗಲಿತ್ತು. ಕಡಲಿನ ಇಳಿತದ ಹೊತ್ತಿಗೆ ಹೊಟ್ಟೆಪಾಡಿಗಾಗಿ ಬುಟ್ಟಿ ಹಿಡಿದು ಕೆಸರಿಗಿಳಿಯುವ ಹೆಂಗಸರೆಲ್ಲ ಮನೆಯಲ್ಲಿ ಕೂರಬೇಕು. ಅದಕ್ಕೆ ಆಧಾರ ಇವಳ ಚಿಪ್ಪು. ಅಂದರೆ, ಮುದ್ದಮ್ಮನ ಹುಣಸೆಹಣ್ಣು.

“ಮಖ ಯಾಕಿಂಗಾಯ್ತು? ತೊಳೀಬಾರ್ದಿತ್ತಾ?”

ಸಂಘಮಿತ್ರಾ ಒಳಗೆ ಹೋಗಿ ಬ್ಯಾಗಿನಿಂದ ಎರಡು ಚಿಪ್ಪು ತಂದಳು. ವೇದಿಕೆಯಲ್ಲಿ ತೋರಿಸಲೆಂದು ತಂದಿದ್ದು. ಒಂದು ಹಿಂದಿನ ವರ್ಷದ ಗಟ್ಟಿ ಚಿಪ್ಪು, ಇನ್ನೊಂದು ಈ ವರ್ಷದ ಸವೆದದ್ದು. ಗಟ್ಟಿ ಚಿಪ್ಪನ್ನು ಅಮ್ಮನ ಪಕ್ಕದ ಹುಣಸೆರಸದ ಬೋಗುಣಿಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಚಿಪ್ಪಿನ ಸುತ್ತ ಸಣ್ಣ ಗುಳ್ಳೆ ಏಳತೊಡಗಿತು.

“ಇದೇನವ್ವ, ಉಸಿರಾಡ್ತದೆ?”

“ಉಸಿರಲ್ಲ. ಕರಗ್ತಾ ಅದೆ.”

ಮುದ್ದಮ್ಮ ಬಗ್ಗಿ ನೋಡಿದಳು. ನೋಡನೋಡುತ್ತ ಅವಳ ಮುಖವೂ ಮಗಳ ಮುಖದ ಹಾಗೆಯೇ ಆಯಿತು. ಚಟಕ್ಕನೆ ಕೈಹಾಕಿ ಚಿಪ್ಪನ್ನು ಎತ್ತಿ, ಬಿಂದಿಗೆಯ ನೀರಿನಲ್ಲಿ ತೊಳೆದು, ಸೆರಗಿನಲ್ಲಿ ಒರೆಸಿದಳು. “ಸಮುದ್ರಾನೂ ಇಂಗೇ ಆಯ್ತಾ ಅದೆ ಅಂತಾ ನೀನು ಏಳ್ತಿದ್ದುದು?”

“ಇಷ್ಟ್ ಬೇಗ ಅಲ್ಲ. ಒಂದ್ ಚೂರು, ಒಂದ್ ಚೂರು. ಆದ್ರೆ ನಾನು ಊರಿಗೆಲ್ಲ ತೋರ್ಸಿದ್ ಚಿಪ್ಪು ಸಮುದ್ರ ತಿಂದಿದ್ದಲ್ಲ.”

ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು. ಅಮ್ಮನ ಮೇಲೆ ಸಿಟ್ಟು ಬರಲೆಂದು ಕಾದಳು, ಬರಲಿಲ್ಲ. ಬಂದದ್ದೆಲ್ಲ ತನ್ನ ಮೇಲೆಯೇ.

ಫೋನು ಹೊಡೆದುಕೊಂಡಿತು. ಅವಳ ಮೇಲಧಿಕಾರಿ ಅಮರನಾಥ, ಇದೇ ಚನ್ನರಾಯಪಟ್ಟಣದ ಕಡೆಯವರು, ಬೆಂಗಳೂರಿನಿಂದ ಸನ್ಮಾನಕ್ಕೆಂದೇ ಹೊರಟಿದ್ದರು. “ಹಿರೀಸಾವೆಯಲ್ಲಿ ಇಡ್ಲಿ ತಿಂತಾ ಇದೀನಮ್ಮ. ಇನ್ನೇನು ಬಂದೆ.”

ಅವಳು ಎಲ್ಲವನ್ನೂ ಹೇಳಿದಳು.

“ಯಾರಿಗೆ ಗೊತ್ತು ಇದು?” ಎಂದರು ಅಮರನಾಥರು.

“ನನಗೆ, ಅಮ್ಮನಿಗೆ. ಈಗ ನಿಮಗೆ.”

“ಹಾಗಾದ್ರೆ ಸುಮ್ಮನಿರು. ಕಡಲು ಹುಳಿಯಾಗ್ತಿರೋದು ಸುಳ್ಳಲ್ಲವಲ್ಲ. ಒಂದು ಬುಟ್ಟಿ ಚಿಪ್ಪಿಂದ ಜನ ಎಚ್ಚರ ಆದ್ರೆ ತಪ್ಪೇನು? ಮುಂದಿನ ಸಲ ಸರಿಯಾಗಿ ಅಳೆಯೋಣ.”

ಬೆಳಗಿನಿಂದ ಬಿದ್ದ ಏಟಿನಲ್ಲಿ ಇದೇ ದೊಡ್ಡದು. ಸಂಶಯ ಬಂದರೆ ಇನ್ನೊಮ್ಮೆ ತೂಗು ಎಂದು ಅವಳಿಗೆ ಕಲಿಸಿದ್ದೇ ಈ ಮನುಷ್ಯ. ಫೋನಿಟ್ಟು, ಸವೆದ ಚಿಪ್ಪನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡಳು.

ಸಮುದಾಯ ಭವನ ತುಂಬಿತ್ತು. ಅಮರನಾಥರು ಅವಳನ್ನು ಬಾಯ್ತುಂಬ ಹೊಗಳಿ ಕೂತರು. ಸಂಘಮಿತ್ರಾ ಎದ್ದು ಸವೆದ ಚಿಪ್ಪನ್ನು ಎತ್ತಿ ಹಿಡಿದಳು. ಅಮ್ಮನ ಹೆಸರು ಎತ್ತಬಾರದೆಂದು ದಾರಿಯಲ್ಲೇ ನಿಶ್ಚಯ ಮಾಡಿಕೊಂಡಿದ್ದಳು.

“ಈ ಚಿಪ್ಪನ್ನು ತಿಂದಿದ್ದು ಕಡಲಲ್ಲ. ನನ್ನ ಮನೆಯಲ್ಲಿ ಹುಳಿ ತಾಗಿ ಹಾಳಾಯಿತು. ನಾನು ನೋಡಿಕೊಳ್ಳಲಿಲ್ಲ. ಪ್ರಬಂಧ ವಾಪಸ್ ತಗೋತೀನಿ, ಸೋಮವಾರದ ಸಭೆಗೂ ಇದನ್ನೇ ಹೇಳ್ತೀನಿ.”

ಅಮರನಾಥರು ಅವಳ ಕಡೆ ತಿರುಗಿದವರು ಹಾಗೇ ಉಳಿದರು. ಮುಂದಿನ ಸಾಲಿನಲ್ಲಿ ಮುದ್ದಮ್ಮ ಎದ್ದು ನಿಂತಳು.

“ಹುಣಸೆ ಉಳೀಲಿ ತೊಳ್ದವಳು ನಾನು ಕಣ್ರಪ್ಪ. ನಂಗೊತ್ತಿರ್ಲಿಲ್ಲ. ಒಂದೇ ರಾತ್ರೀಲಿ ಇಂಗಾಗೋಯ್ತು.” ಅವಳು ಮಗಳ ಕೈಯ ಚಿಪ್ಪಿನತ್ತ ಬೆರಳು ತೋರಿಸಿದಳು. “ಬೆಳಿಗ್ಗೆ ಇನ್ನೊಂದು ಚಿಪ್ಪು ಉಳೀಲಿ ಕರಗ್ತಿತ್ತು, ಕೈ ಆಕಿ ಎತ್ತಿ ಮಡಗ್ದೆ. ಸಮುದ್ರ ಉಳಿ ಆದ್ರೆ ಅಲ್ಲಿನ್ ಚಿಪ್ಪುಗಳ್ನ ಎತ್ತಿ ಮಡಗೋರು ಯಾರವ್ರೆ?”

ಶಾಲು, ಹಾರ ಆ ಹೊಳೆಯುವ ತಟ್ಟೆಯಲ್ಲೇ ಉಳಿದವು.