ನಡುಹಗಲಿನ ಫಜ್ರ್

ಜಿಂಡೆರ್ ಊರಿನ ನಮ್ಮ ಕಸಾಯಿ ಕೇರಿಯ ಮುಖಂಡರು ತೀರಿಕೊಂಡಾಗ ಹಿರಿಯರೆಲ್ಲ ಲವಾಲಿಯ ಹೆಸರನ್ನೇ ಹೇಳಿದರು. ಮುಖಂಡನಾದವನಿಗೆ ಸುತ್ತುವ ಮುಂಡಾಸನ್ನು ಅವನ ಅಪ್ಪ, ಅಜ್ಜ ಸುತ್ತಿದ್ದರು. ಲವಾಲಿ ಬದುಕಿನಲ್ಲಿ ಆಸೆಪಟ್ಟದ್ದೂ ಅದೊಂದನ್ನೇ.

ತೊಡಕಾದದ್ದು ಅವನ ನಮಾಜು. ಪ್ರಾಯದಲ್ಲಿ ಲವಾಲಿ ವರ್ಷಗಟ್ಟಲೆ ಹಣೆಯನ್ನು ನೆಲಕ್ಕೆ ತಾಗಿಸಿದವನಲ್ಲ. ಈಗ ಗಡ್ಡ ನೆರೆತ ಮೇಲೆ, ಬಿಟ್ಟುಹೋದ ನಮಾಜುಗಳನ್ನು ಒಂದೊಂದಾಗಿ ಮಾಡಿ ಮುಗಿಸುತ್ತಿದ್ದ. ಬಿಟ್ಟದ್ದು ಹೇಗಿತ್ತೋ ಹಾಗೆಯೇ ಮಾಡಬೇಕೆಂದು ನಮ್ಮ ಹಿರಿಯರು ಕಲಿಸಿದ್ದಾರೆ. ಮಧ್ಯಾಹ್ನದ ನಮಾಜನ್ನು ಎಲ್ಲರೂ ಮನಸ್ಸಿನಲ್ಲೇ ಓದುತ್ತೇವೆ. ಬೆಳಗಿನ ಫಜ್ರನ್ನು ದನಿಯೆತ್ತಿ ಓದಬೇಕು, ತಡವಾಗಿ ಯಾವ ಹೊತ್ತಿನಲ್ಲಿ ಮಾಡಿದರೂ ದನಿಯೆತ್ತಿಯೇ. ಹಾಗಾಗಿ ನೆತ್ತಿ ಸುಡುವ ಬಿಸಿಲಿನಲ್ಲಿ, ಬೇವಿನ ಮರದಡಿ, ಲವಾಲಿಯ ಫಜ್ರ್ ಕೇರಿಗೆಲ್ಲ ಕೇಳಿಸುತ್ತಿತ್ತು.

ಲವಾಲಿಯ ಸೋದರತ್ತೆಯ ಮಗ ಶಾಯಿಬು ಚುಡಾಯಿಸದೆ ಬಿಡುತ್ತಾನೆಯೇ?

"ಏನ್ ಭಾವ, ನಿನ್ ಹುಂಜ ಮಧ್ಯಾಹ್ನ ಕೂಗುತ್ತಾ?"

"ಅದು ಹೊತ್ತಿಗೇ ಕೂಗಿತ್ತು ಕಣೋ. ಎದ್ದಿದ್ದು ನಾನು ತಡ."

ಒಂದು ದಿನ ಹಿರಿಯರಾದ ಹಾಜಿ ಮಾಜು ಅವನ ಬಳಿ ಬಂದು ಕುಳಿತರು. "ನೋಡಪ್ಪ, ಮನೆಯೊಳಗೆ ಬಾಗಿಲು ಹಾಕ್ಕೊಂಡು ಮಾಡು. ಅಲ್ಲಾಹ್ ಮುಚ್ಚಿಟ್ಟಿದ್ದನ್ನ ನೀನ್ಯಾಕೆ ಬಿಚ್ತೀಯ? ಕಸಾಯಿಗಳ ಮುಖಂಡ ನಮಾಜು ಬಿಟ್ಟೋನು ಅಂತ ಊರು ಆಡ್ಕೊಳಲ್ವಾ?"

"ಮುಚ್ಚಿಟ್ಟಿದ್ದು ಎಲ್ಲಿ ಹಾಜಿ? ಬಾಂಗ್ ಕೂಗೋವಾಗ ಇದೇ ಮರದ ಕೆಳಗೆ ಇಸ್ಪೀಟ್ ಆಡ್ತಿದ್ದೆ. ನಿಮ್ ಮಕ್ಕಳು ನನ್ನ ನೋಡಿ ನಮಾಜು ತಪ್ಪಿಸಿದ್ರು. ಆಗ ಯಾರೂ ನಂಗೆ ಬಾಗಿಲು ಹಾಕ್ಕೋ ಅನ್ಲಿಲ್ಲ."

"ಹಟ ಮಾಡ್ಬೇಡ. ಮುಂಡಾಸು ಕೈತಪ್ಪುತ್ತೆ."

"ತಪ್ಪಲಿ."

ಮುಂಡಾಸು ಸುತ್ತುವ ಗುರುವಾರ ಬಂತು. ನಗಾರಿಯವರು ಬಂದರು, ಹೆಂಗಸರು ಗೋಡೆಗಳಾಚೆ ನಿಂತರು. ಮರದಡಿ ಎಲ್ಲರೂ ಕೂಡಿ ಮಧ್ಯಾಹ್ನದ ನಮಾಜು ಮುಗಿಸಿದರು. ಹಾಜಿ ಮುಂಡಾಸಿನ ಬಿಳಿಬಟ್ಟೆಯ ಮಡಿಕೆ ಬಿಚ್ಚಿ, ಲವಾಲಿಯ ಕಿವಿಯ ಬಳಿ ಬಗ್ಗಿದರು.

"ಇವತ್ತೊಂದಿನ ಸುಮ್ನಿರೋ. ನಿಮ್ಮಪ್ಪನ ಮುಖ ನೋಡಿಯಾದ್ರೂ."

ಲವಾಲಿ ಆ ಬಟ್ಟೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಎದ್ದು ಚಾಪೆಯ ಮೇಲೆ ನಿಂತು, ಬಿಟ್ಟುಹೋದ ಇನ್ನೊಂದು ಫಜ್ರಿಗೆ ಕೈಯೆತ್ತಿ, "ಅಲ್ಲಾಹು ಅಕ್ಬರ್" ಎಂದ. ಫಾತಿಹಾ ಓದುವಾಗ ಅವನ ದನಿ ಗೋಡೆಗಳನ್ನು ದಾಟಿ ಹೋಯಿತು.

ಹಾಜಿ ಅವನು ನೆಲಕ್ಕೆ ಹಣೆಯಿಟ್ಟು ಮೊದಲ ಸಜ್ದಾ ಮಾಡುವತನಕ ಕಾದರು. ಮತ್ತೆ ಅವನು ಎದ್ದು ಅದೇ ದನಿಯಲ್ಲಿ ಓದತೊಡಗಿದಾಗ, ತಿರುಗಿ ಶಾಯಿಬುವನ್ನು ಕರೆದರು.

"ನಾನ್ಯಾಕೆ? ಭಾವ ಇದ್ದಾನಲ್ಲ!" ಎಂದು ಶಾಯಿಬು ಹಿಂದೆ ಸರಿದ. ಇಬ್ಬರು ಅವನ ಭುಜ ಹಿಡಿದು ಕೂರಿಸಿದರು. ಬಟ್ಟೆ ಅವನ ತಲೆಯನ್ನು ಸುತ್ತಿತು. ನಗಾರಿ ಮೊಳಗಿತು.

ಆ ಸದ್ದಿಗೆ ಲವಾಲಿಯ ಓದು ಸಾಲಿನ ನಡುವೆ ತುಂಡಾಯಿತು. ಅವನ ಎದೆಯಲ್ಲಿ ಏನಿತ್ತೋ ಕರುಣಾಮಯನೇ ಬಲ್ಲ. ನಾನು ಕಿವಿಗೆ ಬಿದ್ದದ್ದನ್ನಷ್ಟೆ ಹೇಳುತ್ತೇನೆ. ಅವನು ದನಿ ತಗ್ಗಿಸಲಿಲ್ಲ. ತುಂಡಾದಲ್ಲಿಂದಲೇ ಆಯತ್ತಿನ ಸಾಲನ್ನು ಎತ್ತಿಕೊಂಡು, ನಗಾರಿಗಿಂತ ಮೇಲೆ ಓದಿದ.

ಅವನು ಬಲಕ್ಕೆ ಮುಖ ತಿರುಗಿಸಿ ಸಲಾಂ ಹೇಳಿ ನಮಾಜು ಮುಗಿಸುವಷ್ಟರಲ್ಲಿ ಮೆರವಣಿಗೆ ಕೇರಿ ದಾಟಿತ್ತು. ಒಂದು ಗುಟುಕು ನೀರು ಕುಡಿದು, ಬಾಕಿಯಿದ್ದ ಮುಂದಿನ ನಮಾಜಿಗೆ ಎದ್ದು ನಿಂತ.