ಬಲೆಗಣ್ಣು ಅಳೆಯುವ ತಗಡು

ನನ್ನನ್ನು ಮೊದಲ ಸಲ ಕಂಡವರು ದೋಸೆ ಮಗುಚುವ ಸಟ್ಟುಗವೆಂದುಕೊಳ್ಳುತ್ತಾರೆ. ಹಿಡಿ ಎಲ್ಲಿ ಎಂದು ಹುಡುಕುತ್ತಾರೆ. ನನಗೆ ಹಿಡಿ ಇಲ್ಲ. ನಾನು ಮೀನಿನ ಬಲೆಯ ಕಣ್ಣು ಅಳೆಯುವ ಅಲ್ಯೂಮಿನಿಯಂ ತಗಡು. ಒಂದು ತುದಿ ಸಪೂರ, ಇನ್ನೊಂದು ಅಗಲ, ಮೈತುಂಬ ಗೆರೆ, ಗೆರೆಗೊಂದು ಅಂಕಿ. ಸಪೂರ ತುದಿಯನ್ನು ಬಲೆಯ ಕಣ್ಣಿಗೆ ಇಳಿಸಿ ಒತ್ತಿದರೆ ಎಲ್ಲಿ ಸಿಕ್ಕಿಕೊಳ್ಳುತ್ತೇನೋ ಅಲ್ಲಿನ ಅಂಕಿಯೇ ಆ ಕಣ್ಣಿನ ಅಳತೆ. ಇಷ್ಟೇ ನನ್ನ ವಿದ್ಯೆ.

ನಾನು ಹುಟ್ಟಿದ್ದು ಸ್ಪೇನ್ ದೇಶದಲ್ಲಿ, ಮೆಡಿಟರೇನಿಯನ್ ಕಡಲತೀರದ ಒಂದು ಬಂದರಿನಲ್ಲಿ. ಬೋಟಿನ ಇಂಜಿನ್ ರಿಪೇರಿ ಮಾಡುವ ಗ್ಯಾರೇಜಿನ ಪಕ್ಕದ ಶೆಡ್ಡಿನಲ್ಲಿ ಒಬ್ಬ ಮುದುಕ ನನ್ನನ್ನು ಕತ್ತರಿಸಿ, ಅರದಿಂದ ಉಜ್ಜಿ, ಅಂಕಿ ಕೊರೆದು, ತುದಿಗೊಂದು ತೂತು ಮಾಡಿ ದಾರ ಪೋಣಿಸಿದ. ಅವನಿಗೆ ನನ್ನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಅವನ ತಮ್ಮಂದಿರೆಲ್ಲ ಮೀನುಗಾರರು.

ನನ್ನನ್ನು ಹುಟ್ಟಿಸಿದ್ದು ನಿಜವಾಗಿ ಆ ಮುದುಕನಲ್ಲ, ಕಾಗದ. ಯುರೋಪಿನ ಎಷ್ಟೋ ದೇಶಗಳು ಒಂದೇ ಕಡಲನ್ನು ಹಂಚಿಕೊಂಡಿವೆ. ಮೀನಿಗೆ ಪಾಸ್‌ಪೋರ್ಟ್ ಇಲ್ಲ. ಬೆಳಿಗ್ಗೆ ಒಂದು ದೇಶದಲ್ಲಿ ತಿಂಡಿ ತಿಂದು ಮಧ್ಯಾಹ್ನ ಇನ್ನೊಂದು ದೇಶಕ್ಕೆ ಊಟಕ್ಕೆ ಹೋಗುತ್ತದೆ. ಹಾಗಾಗಿ ಬ್ರಸೆಲ್ಸ್ ಎಂಬ ಊರಿನಲ್ಲಿ, ಉಪ್ಪುಗಾಳಿಯೇ ಬಾರದ ಕೋಣೆಗಳಲ್ಲಿ ಮಂತ್ರಿಗಳು ಕೂತು ಯಾರು ಎಷ್ಟು ಹಿಡಿಯಬೇಕು, ಯಾವ ಬಲೆ ಬಳಸಬೇಕು ಎಂದು ತೀರ್ಮಾನಿಸುತ್ತಾರೆ. ಬಂದರು ಬೆಳೆಯಬೇಕು, ಬೋಟು ಹೆಚ್ಚಬೇಕು, ಕೆಲಸ ಸಿಗಬೇಕು, ಕಡಲೂ ಬರಿದಾಗಬಾರದು ಎಂಬುದು ಅವರ ಆಸೆ. ದಿಂಡುಗಟ್ಟಲೆ ಬರೆದ ಆ ಕಾಗದವೆಲ್ಲ ಕಡಲಿಗೆ ಇಳಿಯುವಾಗ ಕೊನೆಗೆ ನನ್ನಷ್ಟೇ ಆಗುತ್ತದೆ. ಇದನ್ನು ನೆನೆದು ಚಿಕ್ಕಂದಿನಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು.

ನನ್ನ ಮೊದಲ ಒಡತಿ ನೂರಿಯಾ ಎಂಬ ತಪಾಸಣಾಧಿಕಾರಿ. ಸಂಜೆ ಬೋಟುಗಳು ದಡ ಸೇರುವಾಗ ನನ್ನನ್ನು ಕೊರಳಿಗೆ ಹಾಕಿಕೊಂಡು ಕಟ್ಟೆಯ ಮೇಲೆ ನಿಲ್ಲುತ್ತಿದ್ದಳು. ನಮ್ಮ ಕೆಲಸಕ್ಕೆ ಕಟ್ಟುನಿಟ್ಟಾದ ಕ್ರಮ ಇತ್ತು. ಬಲೆ ಒದ್ದೆಯಾಗಿರಬೇಕು. ಸಾಲಾಗಿ ಇಪ್ಪತ್ತು ಕಣ್ಣು ಅಳೆಯಬೇಕು. ಹರಿದ ಕಣ್ಣು, ಹೆಣೆದು ಸರಿಮಾಡಿದ ಕಣ್ಣು ಲೆಕ್ಕಕ್ಕಿಲ್ಲ. ಬೋಟಿನವನು ಒಪ್ಪದಿದ್ದರೆ ನನಗೆ ತೂಕದ ಕಲ್ಲು ನೇತುಹಾಕಿ ಮತ್ತೊಮ್ಮೆ ಅಳೆಯಬೇಕು. ಆಗ ಕಣ್ಣು ಸಣ್ಣದಿದ್ದರೆ ನಾನು ಕಲ್ಲನ್ನೂ ಹೊತ್ತುಕೊಂಡು ಹಟಮಾರಿಯ ಹಾಗೆ ಅರ್ಧಕ್ಕೇ ನಿಲ್ಲುತ್ತಿದ್ದೆ. ಬೈಗುಳ ನೂರಿಯಾಳಿಗೆ ಬೀಳುತ್ತಿತ್ತು. ಅವಳ ಅಪ್ಪನೂ ಮೀನುಗಾರನೇ. ಮರಿ ಒಮ್ಮೆಯಾದರೂ ಮೊಟ್ಟೆ ಇಡುವಷ್ಟು ದಿನ ಬದುಕಿದರೆ ಮಾತ್ರ ನಿಮ್ಮ ಬೋಟಿಗೆ ನಾಳೆ ಇದೆ ಎಂದು ಅವಳು ಅವರಿಗೆ ತಾಳ್ಮೆಯಿಂದ ಹೇಳುತ್ತಿದ್ದಳು. ಬೈದವರೇ ಮರುದಿನ ಅವಳಿಗೆ ಕಾಫಿ ಕೊಡಿಸುತ್ತಿದ್ದರು.

ಹದಿನೈದು ವರ್ಷ ಹೀಗೆ ಕಳೆದ ಮೇಲೆ ವಿದ್ಯುತ್ತಿನ ಹೊಸ ಅಳತೆಯಂತ್ರ ಬಂತು. ಅದು ತಾನೇ ಬಾಯಿ ಬಿಚ್ಚಿ, ತಾನೇ ಅಳೆದು, ತಾನೇ ಅಂಕಿ ತೋರಿಸುತ್ತದೆ. ನಾನು ಮೇಜಿನ ಖಾನೆ ಸೇರಿದೆ. ಅಲ್ಲಿ ತುಕ್ಕು ಹಿಡಿದ ಸ್ಟೇಪ್ಲರ್ ಒಂದರ ಜೊತೆ ಎಷ್ಟು ಕಾಲ ಇದ್ದೆನೋ ಗೊತ್ತಿಲ್ಲ. ಬೇಸರವಾಗುತ್ತಿತ್ತು.

ಅಲ್ಲಿಂದ ನನ್ನನ್ನು ಎತ್ತಿದವಳು ವಾರಿಜಾ. ಕುಂದಾಪುರದ ಹತ್ತಿರದ ಗಂಗೊಳ್ಳಿಯವಳು, ಮೀನುಗಾರಿಕೆಯ ವಿಜ್ಞಾನ ಓದಿದವಳು, ಮೂರು ವಾರದ ತರಬೇತಿಗೆಂದು ಆ ಬಂದರಿಗೆ ಬಂದಿದ್ದಳು. ಹೊರಡುವ ದಿನ ನೂರಿಯಾ ನನ್ನನ್ನು ಒರೆಸಿ ಅವಳ ಕೈಗಿಟ್ಟಳು. ವಿಮಾನ ನಿಲ್ದಾಣದಲ್ಲಿ ನನ್ನನ್ನು ಯಾವುದೋ ಹೊಸ ನಮೂನೆಯ ಚೂರಿಯೆಂದು ಹಿಡಿದಿಟ್ಟುಕೊಂಡರು. ವಾರಿಜಾ ತನ್ನ ಸ್ವೆಟರಿನ ಕಣ್ಣಿಗೆ ನನ್ನನ್ನು ಇಳಿಸಿ ತೋರಿಸಿದ ಮೇಲೆ ಬಿಟ್ಟರು. ಸ್ವೆಟರ್ ಮಾತ್ರ ಹರಿದುಹೋಯಿತು.

ಗಂಗೊಳ್ಳಿಯಲ್ಲಿ ಅವಳು ನನ್ನನ್ನು ಕೊಟ್ಟದ್ದು ತನ್ನ ತಾಯಿಯ ತಮ್ಮ ಶೀನ ಮೊಗವೀರನಿಗೆ. ಶೀನ ಇಪ್ಪತ್ತೆರಡು ವರ್ಷದಿಂದ ತಂಡೇಲ. ಎಂದರೆ ಬೋಟನ್ನು ನಡೆಸುವವನು, ಬಲೆ ಎಲ್ಲಿ ಬಿಡಬೇಕೆಂದು ಹೇಳುವವನು. ಅವನ ಹೆಂಡತಿ ಪದ್ದು ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು. ಆ ಮನೆಯಲ್ಲಿ ಆಗ ಗಂಡಹೆಂಡಿರಿಗೆ ಮಾತುಕತೆ ಅಷ್ಟಕ್ಕಷ್ಟೆ. ಶೀನನ ಬೋಟು ತುಂಬಿಕೊಂಡೇ ಬರುತ್ತಿತ್ತು, ಆದರೆ ತುಂಬುತ್ತಿದ್ದದ್ದು ಬೆರಳುದ್ದದ ಮರಿಗಳು. ಅವೆಲ್ಲ ಕಟ್ಟೆಯಿಂದ ನೇರವಾಗಿ ಮೀನಿನ ಹಿಟ್ಟಿನ ಕಾರ್ಖಾನೆಯ ಲಾರಿಗೆ ಹೋಗುತ್ತಿದ್ದವು. ಪದ್ದುವಿನ ಬುಟ್ಟಿಗೆ ಹಾಕುವಂಥದ್ದು ಏನೂ ಉಳಿಯುತ್ತಿರಲಿಲ್ಲ.

"ನಿಮ್ಮ ಬೋಟ್ ತುಂಬಿ ಬತ್ತ್, ನನ್ನ ಬುಟ್ಟಿ ಖಾಲಿ," ಎಂದು ಪದ್ದು ಒಂದು ದಿನ ನೇರವಾಗಿ ಹೇಳಿದಳು. "ಬುಟ್ಟಿಗೆ ಬಪ್ಪ ಮೀನ್ ಹಿಡಿನಿ ಕಾಂಬ."

ಕಣ್ಣಿನ ಅಳತೆ ಮೂವತ್ತೈದು ಮಿಲಿಮೀಟರ್ ಇರಬೇಕೆಂಬ ನಿಯಮ ಇಲ್ಲಿಯೂ ಇತ್ತು. ಬೋಟಿನವರಿಗೂ ಅದು ಗೊತ್ತಿತ್ತು, ಮೀನಿಗೂ ಗೊತ್ತಿತ್ತೋ ಏನೋ, ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ವಾರಿಜಾ ಮಾವನಿಗೆ ವಿವರಿಸಿದಳು. ಮೀನು ಬಂದು ಸೇರುವುದು ಬಲೆಯ ಹಿಂದಿನ ಚೀಲದಲ್ಲಿ. ಆ ಚೀಲವೊಂದನ್ನು ಬದಲಿಸಿದರೆ ಸಾಕು. ಮೂವತ್ತೈದರ ಬಲೆ ತರಬೇಕು, ಅದನ್ನು ಓರೆಯಾಗಿ ತಿರುಗಿಸಿ ಕಣ್ಣು ಚೌಕವಾಗಿ ನಿಲ್ಲುವ ಹಾಗೆ ಹೊಲಿಯಬೇಕು. ಇಷ್ಟು ಹೇಳಿ ಅವಳು ಮಂಗಳೂರಿಗೆ ಕೆಲಸಕ್ಕೆ ಹೋದಳು.

ಶೀನ ಒಪ್ಪಿದ್ದು ಸುಲಭದ ಮಾತಲ್ಲ. ಅವನ ಬೋಟಿನಲ್ಲಿ ಒಂದು ಕ್ರಮ ಇತ್ತು. ಆಗಸ್ಟ್ ತಿಂಗಳಲ್ಲಿ ಮೀನುಗಾರಿಕೆ ಶುರುವಾಗುವ ದಿನ ತಂಡೇಲ ಪ್ರತಿಯೊಬ್ಬನಿಗೂ ತಟ್ಟೆಯಲ್ಲಿ ವೀಳ್ಯ ಕೊಡುತ್ತಾನೆ. ತೆಗೆದುಕೊಂಡವನು ಆ ವರ್ಷ ಬೋಟು ಬಿಟ್ಟುಹೋಗುವ ಹಾಗಿಲ್ಲ. ತಂಡೇಲನ ಮೇಲೆ ನಂಬಿಕೆ ಹೋದರೆ ಮಾತ್ರ ಎಲೆ ಅಡಿಕೆ ತಂದು ವಾಪಸು ಕೊಡಬಹುದು. ಎಲ್ಲರಿಗಿಂತ ಹಿರಿಯವನು ಹಾಗೆ ಕೊಟ್ಟನೆಂದರೆ ಉಳಿದವರೂ ಹೊರಡುತ್ತಾರೆ. ಆಮೇಲೆ ಆ ತಂಡೇಲನನ್ನು ಯಾವ ಬೋಟಿನ ಧಣಿಯೂ ಕರೆಯುವುದಿಲ್ಲ. ಶೀನನ ಬೋಟಿನಲ್ಲಿ ಎಲ್ಲರಿಗಿಂತ ಹಿರಿಯ ಕುಪ್ಪ. ಪದ್ದುವಿನ ಅಣ್ಣ, ಬಲೆ ಹೊಲಿಯುವುದರಲ್ಲಿ ಎತ್ತಿದ ಕೈ. ಬಾಯಿಯೂ ಹಾಗೆಯೇ.

ಹೊಸ ಚೀಲ ಹೊಲಿದದ್ದು ಕುಪ್ಪನೇ. ಅಂಗಳದಲ್ಲಿ ನೀರು ಚಿಮುಕಿಸಿ ಇಪ್ಪತ್ತು ಕಣ್ಣಿಗೆ ನನ್ನನ್ನು ಇಳಿಸಿದರು. ಇಪ್ಪತ್ತಕ್ಕೂ ಮೂವತ್ತೈದು. ನನಗೆ ಸ್ಪೇನಿನ ಕಟ್ಟೆಯೇ ನೆನಪಾಗಿ ಸಂತೋಷವಾಯಿತು. ಪದ್ದು ಅರಸಿನ ಕುಂಕುಮ ಹಚ್ಚಿ ನನ್ನನ್ನು ಬೋಟಿನ ಕ್ಯಾಬಿನ್ನಿನಲ್ಲಿ ದೇವಿಯ ಪಟದ ಪಕ್ಕಕ್ಕೆ ತೂಗುಹಾಕಿದಳು. ಇಷ್ಟೊಂದು ಮರ್ಯಾದೆ ನನಗೆ ಯುರೋಪಿನಲ್ಲಿ ಸಿಕ್ಕಿರಲಿಲ್ಲ.

ಆರು ದಿನ ಕಡಲಲ್ಲಿದ್ದು ಬೋಟು ಹಿಂದಕ್ಕೆ ಬಂತು. ಚೀಲದ ತುಂಬ ಅದೇ ಬೆರಳುದ್ದದ ಮರಿಗಳು. ಲಾರಿಯವನಿಗೆ ಖುಷಿಯೋ ಖುಷಿ. ಫಾರಿನ್ನಿನ ದೇವರಿಗೆ ಬರೀ ಕುಂಕುಮ ಸಾಲದು, ಕೋಳಿ ಬೇಕಾಗಿತ್ತು ಎಂದು ಇಡೀ ಬಂದರು ಶೀನನನ್ನು ಆಡಿಕೊಂಡಿತು. ನನಗೆ ನಾಚಿಕೆಯಿಂದ ಮುಖವೆತ್ತಲಾಗಲಿಲ್ಲ. ಇಪ್ಪತ್ತು ಕಣ್ಣಿಗೂ ನಾನು ಸಾಕ್ಷಿ ಹೇಳಿದ್ದೆ.

ಶೀನ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಮರುದಿನ ಇಳಿತದ ಹೊತ್ತಿಗೆ ಚೀಲದ ಬಾಯನ್ನು ಕಟ್ಟೆಯ ಕಂಬಕ್ಕೆ ಕಟ್ಟಿ ನೀರಿಗೆ ಬಿಟ್ಟ. ಹೊಳೆಯ ನೀರು ಕಡಲಿಗೆ ಜಗ್ಗುವಾಗ ಚೀಲ ಬೋಟು ಎಳೆದ ಹಾಗೆಯೇ ಸೆಟೆದು ನಿಂತಿತು. ಅವನು ಸಣ್ಣ ದೋಣಿಯಲ್ಲಿ ಕೂತು ನನ್ನನ್ನು ಒಂದು ಕಣ್ಣಿಗೆ ಇಳಿಸಲು ನೋಡಿದ. ನಾನು ಇಳಿಯಲೇ ಇಲ್ಲ. ಸಡಿಲವಾಗಿದ್ದಾಗ ಅಗಲವಾಗಿದ್ದ ಕಣ್ಣುಗಳೆಲ್ಲ ಎಳೆತಕ್ಕೆ ಜೂಗರಿಸುವವನ ಕಣ್ಣಿನಂತೆ ಮುಚ್ಚಿಕೊಂಡಿದ್ದವು. ಶೀನ ಬಹಳ ಹೊತ್ತು ನೋಡಿದ. ಕುಪ್ಪ ಹೊಲಿಯುವಾಗ ಬಲೆಯನ್ನು ತಿರುಗಿಸಿರಲಿಲ್ಲ. ಮೂವತ್ತು ವರ್ಷದಿಂದ ಕೈಗೆ ರೂಢಿಯಾದ ಹಾಗೆ, ಕಣ್ಣು ಉದ್ದಕ್ಕೆ ನಿಲ್ಲುವಂತೆ ಹೊಲಿದುಬಿಟ್ಟಿದ್ದ. ಬೇಕೆಂದು ಮಾಡಿದ್ದಲ್ಲ. ಅವನ ಕೈಗೆ ಬೇರೆ ದಾರಿ ಗೊತ್ತಿರಲಿಲ್ಲ.

ಇದನ್ನು ಹೇಳಿದಾಗ ಕುಪ್ಪನ ಮುಖ ಕೆಂಪಾಯಿತು. ಊರಿಗೆಲ್ಲ ಬಲೆ ಹೊಲಿದು ಕೊಟ್ಟವನಿಗೆ ಹೊಲಿಗೆ ತಪ್ಪಿದೆ ಎಂದರೆ ಹೇಗಾಗಬೇಡ. ಆದರೂ ಚೀಲ ಬಿಚ್ಚಿ ಎದುರಿಗೆ ಹಾಕಿಕೊಂಡ.

"ನೀ ಹೇಳ್ದ ಹಾಂಗೇ ಹೊಲಿತೆ, ಭಾವ," ಎಂದ. "ಚೀಲ ಖಾಲಿ ಬಂದ್ರೆ ಮಾತ್ರ ನಿನ್ನ ವೀಳ್ಯ ನಿಂಗೇ ಕೊಡ್ತೆ ಕಾಣ್."

ಬೋಟು ಎರಡನೆಯ ಸಲ ಹೊರಟಿತು. ಮೂರು ಗಂಟೆ ಎಳೆದ ಮೇಲೆ ಮೊದಲ ಚೀಲ ಮೇಲಕ್ಕೆ ಬಂತು. ನಾನು ದೇವಿಯ ಪಕ್ಕದಿಂದಲೇ ನೋಡುತ್ತಿದ್ದೆ. ಎದೆ ಇದ್ದಿದ್ದರೆ ಡವಡವ ಹೊಡೆದುಕೊಳ್ಳುತ್ತಿತ್ತು. ಚೀಲ ಎಂದಿಗಿಂತ ಸಣ್ಣದಿತ್ತು, ಮುಕ್ಕಾಲು ಭಾಗವೂ ತುಂಬಿರಲಿಲ್ಲ. ಇಬ್ಬರು ಹುಡುಗರು ಮುಖ ಮುಖ ನೋಡಿಕೊಂಡರು. ಕುಪ್ಪ ಚೀಲವನ್ನೂ ಶೀನನನ್ನೂ ನೋಡಿ ಮೀನು ಬೇರ್ಪಡಿಸಲು ಕುಕ್ಕರಗಾಲಲ್ಲಿ ಕೂತ.

ಮೊದಲೆಲ್ಲ ಈ ಕೆಲಸವೇ ದೊಡ್ಡ ಗೋಳು. ಮೊಣಕಾಲೆತ್ತರದ ಮರಿಗಳ ರಾಶಿಯಲ್ಲಿ ಒಳ್ಳೆಯ ಮೀನು ಹುಡುಕಿ ತೆಗೆಯುವಷ್ಟರಲ್ಲಿ ಮುಂದಿನ ಚೀಲ ಬಂದುಬಿಡುತ್ತಿತ್ತು. ಗಂಜಿ ಆರಿ ನೀರಾಗುತ್ತಿತ್ತು, ನಿಂತುಕೊಂಡೇ ಸುರಿದುಕೊಳ್ಳುತ್ತಿದ್ದರು. ಈ ಸಲ ಅಕ್ಕಿ ಬೇಯುವ ಮೊದಲೇ ಕೆಲಸ ಮುಗಿಯಿತು. ರಾಣಿ ಮೀನು, ಬೊಂಡಾಸು, ಅಡೆಮೀನು, ಒಂದೂ ಜಜ್ಜಿಹೋಗಿರಲಿಲ್ಲ. ಎಲ್ಲವನ್ನೂ ಐಸಿಗೆ ಹಾಕಿ, ಕೈ ತೊಳೆದು, ಎಲ್ಲರೂ ಕೂತು ಉಂಡರು. ಆರು ದಿನವೂ ಹಾಗೆಯೇ ನಡೆಯಿತು.

ಕಟ್ಟೆಯಲ್ಲಿ ಲಾರಿಯವನು ಕಾದು ಕಾದು ಎರಡು ಬುಟ್ಟಿ ಮರಿ ತುಂಬಿಸಿಕೊಂಡು ಗೊಣಗುತ್ತ ಹೋದ. ಪದ್ದುವಿನ ಬುಟ್ಟಿ ತುಂಬಿತು. ತೂಕ ಕಡಿಮೆ, ನಿಜ. ಆ ಇಬ್ಬರು ಹುಡುಗರು ಶೀನನ ಎದುರು ಬಂದು ತಲೆ ತಗ್ಗಿಸಿ ವೀಳ್ಯ ವಾಪಸು ಕೊಟ್ಟರು. ಅವನು ತೆಗೆದುಕೊಂಡ. ಆಮೇಲೆ ಕುಪ್ಪ ಎದ್ದು ಬಂದ. ಸೊಂಟದಿಂದ ಎಲೆ ಅಡಿಕೆ ತೆಗೆದ. ಎಲ್ಲರೂ ಅವನ ಕೈಯನ್ನೇ ನೋಡುತ್ತಿದ್ದರು. ಕುಪ್ಪ ನಿಧಾನವಾಗಿ ಎಲೆಗೆ ಸುಣ್ಣ ಹಚ್ಚಿ, ಮಡಚಿ, ತನ್ನ ಬಾಯಿಗೇ ಹಾಕಿಕೊಂಡ.

"ಮೂವತ್ತ್ ವರ್ಷ ಆಯ್ತ್, ಬೋಟಂಗೆ ಬಿಸಿ ಗಂಜಿ ಉಂಡದ್ ಇದೇ ಮೊದ್ಲ್," ಎಂದ, ಅಗಿಯುತ್ತ. "ನಾ ಎಲ್ಲಿಗೂ ಹೋತಿಲ್ಲ, ಮಾರಾಯ."

ಶೀನ ತಿರುಗಿ ನಿಂತು ಹಗ್ಗ ಸುತ್ತತೊಡಗಿದ. ಹಗ್ಗ ಆಗಲೇ ಸುತ್ತಿ ಇಟ್ಟಾಗಿತ್ತು. ನನಗೂ ಆಗ ಆದ ಸಂತೋಷವನ್ನು ಹೇಳಲಾರೆ.

ಕಡಲು ಒಂದೇ ವರ್ಷದಲ್ಲಿ ತುಂಬಿ ಬಂತು ಎಂದರೆ ಸುಳ್ಳಾಗುತ್ತದೆ. ಒಂದು ಬೋಟು ಬಿಟ್ಟ ಮರಿಯನ್ನು ಇನ್ನೊಂದು ಬೋಟು ಹಿಡಿಯುತ್ತಿತ್ತು. ಆದರೆ ಕುಪ್ಪ ಸುಮ್ಮನಿರುವ ಪೈಕಿ ಅಲ್ಲ. ಚೌಕ ಕಣ್ಣಿನ ಚೀಲ ತಾನೇ ಕಂಡುಹಿಡಿದದ್ದೆಂದು ಕಟ್ಟೆಯ ಮೇಲೆ ಕೂತು ಸಾರತೊಡಗಿದ. ಗಂಜಿಯ ಆಸೆಗೋ, ಅವನ ಬಾಯಿಗೆ ಹೆದರಿಯೋ, ಒಂದು ಬೋಟಿನವರು ಬಂದರು, ಆಮೇಲೆ ನಾಲ್ಕು, ಆಮೇಲೆ ಹನ್ನೊಂದು. ಎಲ್ಲರ ಚೀಲಕ್ಕೂ ನಾನು ಇಳಿದೆ. ಬ್ರಸೆಲ್ಸ್‌ನವರು ಕುಪ್ಪನನ್ನು ಕರೆದು ಕೂರಿಸಿಕೊಂಡಿದ್ದರೆ ಅವರ ಕೆಲಸ ಎಷ್ಟೋ ಹಗುರವಾಗುತ್ತಿತ್ತು ಎಂದು ನನಗನ್ನಿಸುತ್ತದೆ.

ಸಾವಿರಾರು ಕಣ್ಣುಗಳಿಗೆ ಉಜ್ಜಿ ಉಜ್ಜಿ ನನ್ನ ಅಂಚು ಸವೆಯಿತು. ಕಳೆದ ವರ್ಷ ವಾರಿಜಾ ಬಂದು ಅಳೆದಾಗ ನನ್ನ ಮೂವತ್ತೈದು ಒಂದು ಮಿಲಿಮೀಟರ್ ಕಡಿಮೆಯಾಗಿತ್ತು. ಮಾವನಿಗೆ ಹೊಸದೊಂದನ್ನು ಕೊಟ್ಟು, ಇದರ ಮಾತನ್ನು ಇನ್ನು ನಂಬಬೇಡಿ ಎಂದಳು. ನನಗೆ ನೋವಾಗಲಿಲ್ಲ. ವಯಸ್ಸಾದ ಮೇಲೆ ಸಾಕ್ಷಿ ಹೇಳುವ ಕೆಲಸ ಬಿಡುವುದೇ ಒಳ್ಳೆಯದು. ಪದ್ದುವಿನ ಅಡುಗೆಮನೆಯ ಕಿಟಕಿಗೆ ಒರಗಿ, ಒಗ್ಗರಣೆಯ ಘಮಕ್ಕೆ ಹಾಯಾಗಿದ್ದೇನೆ.

ನಿನ್ನೆ ಪದ್ದು ಹುಡುಕಾಡಿ ನನ್ನನ್ನು ಎತ್ತಿಕೊಂಡಳು. ಒಲೆಯ ಬಳಿ ಕೂತು ನನ್ನ ಅಂಚಿನಿಂದ ರಾಣಿ ಮೀನಿನ ಹುರುಪೆ ಹೆರೆಯತೊಡಗಿದಳು. ಶೀನ ಬಾಗಿಲಲ್ಲಿ ನಿಂತು ನೋಡಿದ. ಅದು ಎಷ್ಟು ದೂರದಿಂದ ಬಂದದ್ದು, ಎಂಥ ಸಾಮಾನು, ಮೀನು ಹೆರೆಯುವುದಕ್ಕೆ ಮನೆಯಲ್ಲಿ ಚೂರಿ ಇಲ್ಲವೇ ಎಂದು ಗದರಿದ.

ಪದ್ದು ತಲೆ ಎತ್ತಲಿಲ್ಲ.

"ಇತ್ತ್," ಎಂದಳು. "ಈಗಿನ ಮೀನಿಗೆ ಆ ಚೂರಿ ಸಣ್ಣದಾತ್ತ್."